ಪ್ರದರ್ಶನ ಭವನದ ಮೇಲಿನ ಬೃಹತ್ ಪ್ರತಿಮೆಯಲ್ಲಿ ಶಿಲ್ಪಿಯ ಪಾಲು ಸಣ್ಣ ಮಾದರಿಯೊಂದೇ ಅಲ್ಲವೇ?

ಮಾದರಿ ಮಾಡಿಕೊಟ್ಟ ಮೇಲೆ ಶಿಲ್ಪಿಯ ಕೆಲಸ ಮುಗಿಯಿತು, ಉಳಿದದ್ದೆಲ್ಲ ಎಂಜಿನಿಯರುಗಳದ್ದು ತಾನೇ ಎಂದು ನೀವು ಕೇಳಿದ್ದೀರಿ. ಮಣ್ಣಿನ ಮಾದರಿಗಳನ್ನು ಹಿಗ್ಗಿಸಿ ದೊಡ್ಡ ಪ್ರತಿಮೆಗಳನ್ನು ಮಾಡುವ ಕೆಲಸದಲ್ಲಿ ಬಹುಕಾಲದಿಂದ ಇರುವ ನಾನು ಇದನ್ನು ಒಪ್ಪಲಾರೆ. ಒಮ್ಮೆ ನನ್ನ ಮಾದರಿಯೊಂದರ ಮೊಣಕೈ ಬಳಿ ಬೆರಳು ತಾಗಿ ಅಕ್ಕಿಕಾಳಿನಷ್ಟು ತಗ್ಗು ಉಳಿದಿತ್ತು. ಹನ್ನೆರಡು ಪಟ್ಟು ಹಿಗ್ಗಿದಾಗ ಅದು ಅಂಗೈಯಗಲದ ಗುಂಡಿಯಾಗಿ, ಕೈಯೇ ಮುರಿದಂತೆ ಕಾಣಿಸಿತು.

1937ರ ಪ್ಯಾರಿಸ್ ಅಂತರರಾಷ್ಟ್ರೀಯ ಪ್ರದರ್ಶನದ ಸೋವಿಯತ್ ಭವನಕ್ಕಾಗಿ ವೇರಾ ಮುಖಿನಾ ರೂಪಿಸಿದ ‘ಕಾರ್ಮಿಕ ಮತ್ತು ಸಾಮೂಹಿಕ ಕೃಷಿಯ ಮಹಿಳೆ’ ಇದಕ್ಕೆ ಅತ್ಯುತ್ತಮ ನಿದರ್ಶನ. ಸುತ್ತಿಗೆ ಹಿಡಿದ ಪುರುಷ, ಕುಡುಗೋಲು ಹಿಡಿದ ಮಹಿಳೆ ಭವನದ ನೆತ್ತಿಯ ಮೇಲೆ ಜೊತೆಯಾಗಿ ಹೆಜ್ಜೆಯಿಡಬೇಕೆಂಬ ಮೂಲ ಕಲ್ಪನೆ ವಾಸ್ತುಶಿಲ್ಪಿ ಬೋರಿಸ್ ಇಯೋಫಾನ್ ಅವರದು. ಸ್ಪರ್ಧೆಯಲ್ಲಿ ಆಯ್ಕೆಯಾದ ಮುಖಿನಾ ಆ ಜೋಡಿಯ ಹಿಂದೆ ಗಾಳಿಗೆ ಹಾರುವ ಉದ್ದನೆಯ ವಸ್ತ್ರವೊಂದನ್ನು ಸೇರಿಸಿದರು. ಅದು ಅಲಂಕಾರವಲ್ಲ, ಹಿಂದಕ್ಕೆ ಚಾಚಿಕೊಂಡ ಕಟ್ಟಡದ ಅಡ್ಡಗೆರೆಯನ್ನೂ ಮುಂದಕ್ಕೆ ನುಗ್ಗುವ ದೇಹಗಳನ್ನೂ ಒಂದಾಗಿಸುವುದು ಆ ವಸ್ತ್ರವೇ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಸುಮಾರು 24 ಮೀಟರ್ ಎತ್ತರದ ಆ ಪ್ರತಿಮೆ ಎರಕದ್ದಲ್ಲ. ಒಳಗೆ ಉಕ್ಕಿನ ಚೌಕಟ್ಟು, ಹೊರಗೆ ತುಕ್ಕು ಹಿಡಿಯದ ಕ್ರೋಮಿಯಂ-ನಿಕಲ್ ಉಕ್ಕಿನ ತೆಳು ತಗಡುಗಳು. ತಗಡುಗಳನ್ನು ಬೆಸೆಯುವ ವಿಧಾನವನ್ನು ಎಂಜಿನಿಯರ್ ಪ್ಯೋತ್ರ್ ಲ್ವೋವ್ ಒದಗಿಸಿದರು. ಪ್ಲಾಸ್ಟರ್ ಮಾದರಿಯ ಅಳತೆಗಳನ್ನು ಹದಿನೈದು ಪಟ್ಟು ಹಿಗ್ಗಿಸಿ, ಬಡಗಿಗಳು ಮರದಲ್ಲಿ ಅಚ್ಚುಗಳನ್ನು ಕೊರೆದರು. ತಗಡನ್ನು ಅವುಗಳೊಳಗೆ ಬಡಿದು ಆಕಾರಕ್ಕೆ ತರಲಾಯಿತು. ಮರದ ಅಚ್ಚಿನಲ್ಲಿ ಎಲ್ಲವೂ ತಿರುವುಮುರುವು, ಎದೆಯ ಉಬ್ಬಿದ್ದಲ್ಲಿ ಹಳ್ಳ, ಬಟ್ಟೆಯ ನೆರಿಗೆಯ ತಗ್ಗಿದ್ದಲ್ಲಿ ದಿಬ್ಬ. ಅದರೊಳಗೆ ನಿಂತು, ಕಾಣದ ಹೊರಮೈಯನ್ನು ಮನಸ್ಸಿನಲ್ಲಿ ತಿರುಗಿಸಿ ನೋಡಿ, ಇಲ್ಲಿ ಇನ್ನಷ್ಟು ಕೆತ್ತಿ ಎಂದು ಬಡಗಿಗೆ ಹೇಳಬಲ್ಲವನು ಮನುಷ್ಯದೇಹವನ್ನು ಕೈಯಾರೆ ರೂಪಿಸಿ ಬಲ್ಲ ಶಿಲ್ಪಿ ಮಾತ್ರ.

ಎತ್ತರದ ಲೆಕ್ಕವೂ ಶಿಲ್ಪಿಯದೇ. ನೋಡುವವರು ಬಹಳ ಕೆಳಗೆ ನಿಂತಿರುವುದರಿಂದ ಮುಂದಿಟ್ಟ ಕಾಲು ದೊಡ್ಡದಾಗಿಯೂ ತಲೆ ಕಿರಿದಾಗಿಯೂ ತೋರುತ್ತವೆ, ಆದ್ದರಿಂದ ಪ್ರಮಾಣಗಳನ್ನು ಆ ನೋಟಕ್ಕೆ ಹೊಂದಿಸಿಯೇ ನಿರ್ಧರಿಸಬೇಕಾಗುತ್ತದೆ. ಪ್ರದರ್ಶನದ ನಂತರ ಪ್ರತಿಮೆಯನ್ನು ಮಾಸ್ಕೋಗೆ ತಂದು 1939ರಲ್ಲಿ ಮೂಲಕ್ಕಿಂತ ಬಹಳ ತಗ್ಗಾದ ಪೀಠದ ಮೇಲೆ ನಿಲ್ಲಿಸಿದಾಗ ಮುಖಿನಾ ತೀವ್ರವಾಗಿ ಆಕ್ಷೇಪಿಸಿದ್ದು ಇದೇ ಕಾರಣಕ್ಕೆ ಎಂದು ನಾನು ಭಾವಿಸುತ್ತೇನೆ. ಅವರು 1953ರಲ್ಲಿ ತೀರಿಕೊಂಡರು. ಪ್ಯಾರಿಸ್ಸಿನ ಭವನದಂತೆಯೇ ಕಟ್ಟಿದ ಎತ್ತರದ ಕಟ್ಟಡದ ಮೇಲೆ ಪ್ರತಿಮೆ ಮತ್ತೆ ಏರಿದ್ದು 2009ರಲ್ಲಿ.