ಅಮ್ಮನಿಗಿದ್ದ ಪ್ಯಾನಿಕ್ ಅಟ್ಯಾಕ್ (ಇದ್ದಕ್ಕಿದ್ದಂತೆ ಎದೆ ಹೊಡೆದುಕೊಂಡು ವಿಪರೀತ ಭಯವಾಗುವುದು) ಈಗ ನನಗೂ ಶುರುವಾಗಿದೆ. ಮಿದುಳಿನ ಸ್ಕ್ಯಾನ್ ಮಾಡಿಸಲಾ?

ಬೇಡ, ದುಡ್ಡು ಉಳಿಸಿಕೊಳ್ಳಿ. ಜೀನ್ ಟೆಸ್ಟೂ ಬೇಡ. ಇಸಿಜಿ ನಾರ್ಮಲ್ ಬಂದಿದೆ, ಆದರೂ ಬಸ್ಸು ಹತ್ತಲು ಭಯ, ಹುಟ್ಟಿನಿಂದಲೇ ಬಂದದ್ದಾದರೆ ವಾಸಿಯಾಗುತ್ತಾ ಅಂತ ಕೇಳಿದ್ದೀರಿ. ಆಗುತ್ತದೆ. ಥೈರಾಯ್ಡ್ ಒಂದು ನೋಡಿಸಿಬಿಡಿ, ಅದು ಜಾಸ್ತಿಯಾದರೂ ಎದೆ ಹೀಗೇ ಹೊಡೆದುಕೊಳ್ಳುತ್ತದೆ.

ನನಗೂ ಇದೇ ಕಾಯಿಲೆ. ನಮ್ಮದು ಮೂಡಿಗೆರೆ ಕಡೆ. ಅಮ್ಮ ಒಬ್ಬರೇ ಸಂತೆಗೆ ಹೋದದ್ದು ನಾನು ನೋಡಿಲ್ಲ. ಮದುವೆಮನೆಯಲ್ಲಿ ಬಾಗಿಲ ಪಕ್ಕದ ಕುರ್ಚಿಯೇ ಆಗಬೇಕು, ಊಟಕ್ಕೆ ಪಂಕ್ತಿಯ ತುದಿಯ ಎಲೆಯೇ ಬೇಕು, ನಡುವೆ ಕೂತರೆ ಮೈಯೆಲ್ಲ ಬೆವರುತ್ತಿತ್ತು. ಬೇಗ ಎದ್ದುಹೋಗಲು ಆಗದ ಕಡೆ ಹೀಗೆ ಭಯವಾಗುವುದಕ್ಕೇ ಅಗೋರಾಫೋಬಿಯಾ ಅನ್ನುವುದು. ಊರಿನವರು ಮಾತ್ರ ‘ಹೊಸಿಲು ದಾಟದ ಹೆಣ್ಣುಮಗಳು’ ಅಂತ ಹೊಗಳುತ್ತಿದ್ದರು! ಗಂಡಸು ಹೀಗೆ ಮನೆಯಲ್ಲೇ ಕೂತಿದ್ದರೆ ಎಂದೋ ಡಾಕ್ಟರ ಹತ್ತಿರ ಎಳೆದುಕೊಂಡು ಹೋಗುತ್ತಿದ್ದರು, ಅಲ್ವಾ?

ಈಗ ಜೀನ್ ವಿಷಯ. ಅವಳಿ ಮಕ್ಕಳನ್ನೂ ಕುಟುಂಬಗಳನ್ನೂ ನೋಡಿದ ಅಧ್ಯಯನಗಳನ್ನೆಲ್ಲ ಒಟ್ಟು ಹಾಕಿ 2001ರಲ್ಲಿ ಒಂದು ಲೆಕ್ಕ ಬಂತು. ಯಾರಿಗೆ ಪ್ಯಾನಿಕ್ ಬರುತ್ತದೆ, ಯಾರಿಗೆ ಬರುವುದಿಲ್ಲ ಅನ್ನುವ ವ್ಯತ್ಯಾಸದಲ್ಲಿ ಸುಮಾರು 40% ಜೀನ್‌ನಿಂದ. ಇದನ್ನು ಓದಿ ‘ನನಗೆ ಬರುವ ಸಾಧ್ಯತೆ 40%’ ಅಂದುಕೊಳ್ಳಬೇಡಿ, ಅದು ಬೇರೆ ಲೆಕ್ಕ. ಅಪ್ಪ ಅಮ್ಮನಿಗೆ ಇದ್ದರೆ ಮಕ್ಕಳಿಗೆ ಬರುವ ಸಾಧ್ಯತೆ ಉಳಿದವರಿಗಿಂತ ಹೆಚ್ಚುಕಮ್ಮಿ ಐದು ಪಟ್ಟು. ಸಾಮಾನ್ಯವಾಗಿ ನೂರರಲ್ಲಿ ಎರಡು ಮೂರು ಜನಕ್ಕೆ ಬರುವ ಕಾಯಿಲೆ ಇದು, ಐದು ಪಟ್ಟು ಅಂದರೂ ಹತ್ತು ಹದಿನೈದು. ಉಳಿದ ಎಂಬತ್ತೈದು ಮಕ್ಕಳು ಆರಾಮಾಗಿಯೇ ಇರುತ್ತಾರೆ.

ಇದಕ್ಕೆ ಒಂದೇ ಜೀನ್ ಇಲ್ಲ, ನೂರಾರು ಚಿಕ್ಕ ಚಿಕ್ಕ ವ್ಯತ್ಯಾಸಗಳು ಸೇರಿ ಮಾಡುವ ಕೆಲಸ. ಒಂದನ್ನು ಹೇಳುತ್ತೇನೆ. ಎನ್‌ಪಿಎಸ್‌ಆರ್1 ಅಂತ ಒಂದು ಜೀನ್ ಇದೆ, ಅದರ ಒಂದು ಬಗೆ ಇರುವವರಲ್ಲಿ ಎಚ್ಚರ ಹುಟ್ಟಿಸುವ ರಾಸಾಯನಿಕಕ್ಕೆ ನರಕೋಶ ಜಾಸ್ತಿ ಸ್ಪಂದಿಸುತ್ತದೆ. 2011ರಲ್ಲಿ ಜರ್ಮನಿಯ ತಂಡವೊಂದು ಪ್ಯಾನಿಕ್ ಇರುವವರನ್ನು ಸ್ಕ್ಯಾನರ್‌ನಲ್ಲಿ ಮಲಗಿಸಿ ಹೆದರಿದ ಮುಖಗಳ ಚಿತ್ರ ತೋರಿಸಿತು. ಆ ಬಗೆಯ ಜೀನ್ ಇದ್ದವರಲ್ಲಿ ಭಯಕ್ಕೆ ಕಡಿವಾಣ ಹಾಕುವ ಮುಂಭಾಗದ ಮಿದುಳು ಕಡಿಮೆ ಕೆಲಸ ಮಾಡುತ್ತಿತ್ತು. ನಮ್ಮ ತೋಟದಲ್ಲೊಂದು ನಾಯಿ ಇತ್ತು, ಎಲೆ ಬಿದ್ದರೂ ಬೊಗಳುತ್ತಿತ್ತು, ಸುಮ್ಮನಿರು ಅನ್ನುವವರ ದನಿಯೂ ಮೆತ್ತಗೆ. ಹಾಗೇ ಇದು. ಆದರೆ ಇದು ಗುಂಪಿನ ಸರಾಸರಿಯಲ್ಲಿ ಮಾತ್ರ ಕಾಣುವ ವ್ಯತ್ಯಾಸ, ನಿಮ್ಮೊಬ್ಬರ ಫಿಲ್ಮ್ ಹಿಡಿದು ‘ಇಲ್ಲಿದೆ ನೋಡಿ ಪ್ಯಾನಿಕ್’ ಅಂತ ಯಾವ ಡಾಕ್ಟರಿಗೂ ತೋರಿಸಲು ಆಗುವುದಿಲ್ಲ. ಸ್ಕ್ಯಾನ್ ಬೇಡ ಅಂದದ್ದು ಅದಕ್ಕೇ.

ಸಿಬಿಟಿ ಅನ್ನುವ ಮಾತಿನ ಚಿಕಿತ್ಸೆ ಮುಗಿದ ಮೇಲೆ ಮತ್ತೆ ಸ್ಕ್ಯಾನ್ ಮಾಡಿ ನೋಡಿದವರೂ ಇದ್ದಾರೆ, 2013ರಲ್ಲಿ. ಮುಂಭಾಗದ ಮಿದುಳಿನ ಇನ್ನೊಂದು ಜಾಗದಲ್ಲಿ ಮೊದಲು ಅತಿಯಾಗಿದ್ದ ಚಟುವಟಿಕೆ ಇಳಿದು, ಕಾಯಿಲೆ ಇಲ್ಲದವರ ಮಟ್ಟಕ್ಕೆ ಹತ್ತಿರ ಬಂದಿತ್ತು. ಜೀನ್ ಅದೇ, ಮಿದುಳಿನ ನಡವಳಿಕೆ ಬೇರೆ. ನನ್ನ ಮಟ್ಟಿಗೆ ಇದರ ಮುಂದೆ ಜೀನ್ ಲೆಕ್ಕವೆಲ್ಲ ಗೌಣ.

ನನಗೆ ಡಾಕ್ಟರು ಮಾತ್ರೆಯ ಜೊತೆ ಇದೇ ಸಿಬಿಟಿಯ ಬಸ್ಸಿನ ಅಭ್ಯಾಸವನ್ನೂ ಕೊಟ್ಟರು. ಮೊದಲು ನಿಂತ ಬಸ್ಸಿನಲ್ಲಿ ಸುಮ್ನೆ ಕೂರುವುದು, ಆಮೇಲೆ ಒಂದು ಸ್ಟಾಪ್, ಆಮೇಲೆ ಬಣಕಲ್, ಕೊಟ್ಟಿಗೆಹಾರ. ಎದೆ ಹೊಡೆದುಕೊಂಡರೂ ಇಳಿಯಬಾರದು, ಮುಂದಿನ ಸೀಟಿನ ಕಂಬಿ ಬಿಗಿಯಾಗಿ ಹಿಡಿಯಲೂಬಾರದು, ಯಾಕೆಂದರೆ ಕಂಬಿ ಹಿಡಿದದ್ದರಿಂದಲೇ ಬದುಕಿದೆ ಅಂತ ಮಿದುಳು ತಪ್ಪು ಲೆಕ್ಕ ಬರೆದುಕೊಳ್ಳುತ್ತದೆ. ಭಯ ಏರುತ್ತದೆ, ಒಂದು ಹಂತಕ್ಕೆ ಹೋಗಿ ತಾನೇ ಇಳಿಯುತ್ತದೆ. ಚಾರ್ಮಾಡಿಯ ತಿರುವುಗಳಲ್ಲಿ ಈಗಲೂ ಹೊಟ್ಟೆ ತೊಳೆಸುತ್ತದೆ, ಆದರೆ ಅದು ಎಲ್ಲರಿಗೂ ಆಗುವುದೇ!

ಇದನ್ನು ಒಬ್ಬರೇ ಶುರು ಮಾಡಬೇಡಿ, ಜಿಲ್ಲಾಸ್ಪತ್ರೆಯ ಮಾನಸಿಕ ವಿಭಾಗಕ್ಕೆ ಹೋಗಿ. ಅಲ್ಲಿಗೆ ಹೋಗಲೂ ಬಸ್ಸೇ ಹತ್ತಬೇಕಲ್ಲ ಅನ್ನುವುದಾದರೆ 14416ಕ್ಕೆ ಫೋನ್ ಮಾಡಿ. ಸರ್ಕಾರದ ಟೆಲಿ ಮಾನಸ್ ಅದು, ಖರ್ಚಿಲ್ಲ, ರಾತ್ರಿಯೂ ಕನ್ನಡದಲ್ಲೇ ಮಾತಾಡಬಹುದು.