ಎಎಫ್‌ಎಲ್ (ಆಸ್ಟ್ರೇಲಿಯನ್ ಫುಟ್‌ಬಾಲ್ ಲೀಗ್) ಗ್ರ್ಯಾಂಡ್ ಫೈನಲ್: ಎದುರಾಳಿ ಅಂಕಪಟ್ಟಿಯಲ್ಲಿ ಮೇಲಿದ್ದರೂ ನಮ್ಮ ತಂಡದ ಮೇಲೆ ಆಸೆ ಇಟ್ಟುಕೊಳ್ಳಬಹುದೇ?

ಧಾರಾಳವಾಗಿ ಇಟ್ಟುಕೊಳ್ಳಿ. 2016ರಲ್ಲಿ 7ನೇ ಸ್ಥಾನದಿಂದ ಬಂದ ವೆಸ್ಟರ್ನ್ ಬುಲ್‌ಡಾಗ್ಸ್ ಅಗ್ರಸ್ಥಾನದ ಸಿಡ್ನಿಯನ್ನು 89–67ರಿಂದ ಸೋಲಿಸಿತು. 1954ರ ನಂತರ ಅವರಿಗೆ ಅದೇ ಮೊದಲ ಪ್ರಶಸ್ತಿ. 2024ರಲ್ಲಿ 5ನೇ ಸ್ಥಾನದ ಬ್ರಿಸ್ಬೇನ್ 60 ಅಂಕಗಳಿಂದ ಗೆದ್ದಿತು. ಪಾಪ, ಸೋತದ್ದು ಮತ್ತೆ ಸಿಡ್ನಿಯೇ.

ಆಸೆ ನಿಜವಾಗಿ ನಿಂತಿರುವುದು ಒದೆತದ ಗುರಿಯ ಮೇಲೆ. ನಡುವಿನ ಎರಡು ಕಂಬಗಳ ಮಧ್ಯೆ ಹೋದರೆ ಗೋಲ್, 6 ಅಂಕ. ಪಕ್ಕದ ಸಂದಿಯಲ್ಲಿ ಹೋದರೆ ಬಿಹೈಂಡ್, ಬರೀ 1. 2008ರಲ್ಲಿ ಲೀಗ್ ಹಂತದ 22 ಪಂದ್ಯಗಳಲ್ಲಿ ಒಂದನ್ನಷ್ಟೇ ಸೋತಿದ್ದ ಜೀಲಾಂಗ್ ಫೈನಲ್‌ನಲ್ಲಿ 11 ಗೋಲ್, 23 ಬಿಹೈಂಡ್ ಗಳಿಸಿ 89ಕ್ಕೆ ನಿಂತಿತು. ಹಾಥಾರ್ನ್ 18 ಗೋಲ್, 7 ಬಿಹೈಂಡ್‌ಗಳಲ್ಲೇ 115 ಮುಟ್ಟಿತು. ಆ 23 ಬಿಹೈಂಡ್‌ಗಳಿಗೆ ಕಾರಣ ಜೀಲಾಂಗ್‌ನ ತಪ್ಪು ಗುರಿಯಷ್ಟೇ ಅಲ್ಲ, ಹಾಥಾರ್ನ್‌ನ ರಕ್ಷಕರೂ ಚೆಂಡನ್ನು ಬೇಕೆಂದೇ ತಮ್ಮದೇ ಗೋಲ್ ಗೆರೆ ದಾಟಿಸಿ 1 ಅಂಕ ಬಿಟ್ಟುಕೊಡುತ್ತಿದ್ದರು. ಮರುವರ್ಷವೇ ಅದಕ್ಕೆ ಫ್ರೀ ಕಿಕ್ ದಂಡ ಬಂತು.

ಹಾಗಾಗಿ ಮೊದಲ ಕ್ವಾರ್ಟರ್ ಮುಗಿದಾಗ ಒಟ್ಟು ಅಂಕ ನೋಡಿ ಬೀಗಬೇಡಿ, ಕುಗ್ಗಲೂಬೇಡಿ. ನಿಮ್ಮವರು 2.6 (18), ಅಂದರೆ 2 ಗೋಲ್, 6 ಬಿಹೈಂಡ್, ಒಟ್ಟು 18; ಅವರು 4.1 (25) ಎಂದಿದ್ದರೆ ಅವಕಾಶ ಹೆಚ್ಚು ಸೃಷ್ಟಿಸಿದವರು ನಿಮ್ಮವರೇ: 8ಕ್ಕೆ 5.