ಸ್ಟಿಯರಿಂಗ್ ಪೂರ್ತಿ ತಿರುಗಿಸಿದಾಗ ಮುಂದಿನ ಚಕ್ರದಲ್ಲಿ ಕಟಕಟ ಸದ್ದು: ಮನೆಯಲ್ಲೇ ಸಿವಿ ಜಾಯಿಂಟ್ ಬೂಟ್ ಬದಲಿಸಿದರೆ ಸಾಕೇ?

ಸದ್ದು ಶುರುವಾಗಿದ್ದರೆ ಸಾಲದು. ಸಿವಿ ಜಾಯಿಂಟ್ ಅಂದರೆ ಇಂಜಿನ್ನಿನ ಬಲವನ್ನು ಚಕ್ರಕ್ಕೆ ದಾಟಿಸುವ ಶಾಫ್ಟಿನ ಕೀಲು; ಅದರ ಗ್ರೀಸ್ ಹಿಡಿದಿಡುವ ರಬ್ಬರ್ ಹೊದಿಕೆಯೇ ಬೂಟ್. ಹೊರಗಿನ, ಅಂದರೆ ಚಕ್ರದ ಕಡೆಯ ಜಾಯಿಂಟಿನಲ್ಲಿ ಉಕ್ಕಿನ ಗುಂಡುಗಳು ಓಡುವ ಜಾಡು ಸವೆದಿದೆ ಅಂತಲೇ ಅರ್ಥ. ಹೊಸ ಗ್ರೀಸ್ ತುಂಬಿದರೆ ನಾಲ್ಕು ದಿನ ಸದ್ದು ತಗ್ಗೀತು, ಅಷ್ಟೆ. ಜಾಯಿಂಟನ್ನೇ ಬದಲಿಸಿ.

ಬೂಟ್ ಹರಿದಿದ್ದು ಸದ್ದಿಲ್ಲದಿದ್ದರೆ ಮಾತ್ರ ಬೂಟ್ ಕಿಟ್ ಸಾಕು. ಚಕ್ರದ ಒಳಬದಿಗೆ ಕಪ್ಪು ಗ್ರೀಸ್ ಚಿಮ್ಮಿರುವುದೇ ಬೂಟ್ ಹರಿದದ್ದರ ಗುರುತು. ಸಂಡೂರು ಕಡೆ ಅದಿರು ಲಾರಿಗಳ ಹಿಂದೆ ಓಡುವ ಗಾಡಿಯಾದರೆ ಒಂದು ವಾರವೂ ತಡೆಯಬೇಡಿ. ಆ ಕೆಂಪು ಧೂಳು ಗ್ರೀಸಿಗೆ ಸೇರಿ ಉಕ್ಕನ್ನೇ ಅರೆಯುತ್ತದೆ.

ಆಕ್ಸಲ್ ನಟ್ಟನ್ನು (ಚಕ್ರದ ನಟ್ಟನಡುವಿನ ದೊಡ್ಡ ನಟ್) ಚಕ್ರ ನೆಲದ ಮೇಲಿರುವಾಗಲೇ, ಒಬ್ಬರಿಗೆ ಬ್ರೇಕ್ ತುಳಿಯಲು ಹೇಳಿ ಸಡಿಲಿಸಿ. ಆಮೇಲೆ ಜ್ಯಾಕ್ ಏರಿಸಿ, ಸ್ಟ್ಯಾಂಡ್ ಕೊಡಿ (ಬರೀ ಜ್ಯಾಕ್ ನಂಬಿ ಕೆಳಗೆ ನುಸುಳಬೇಡಿ). ಲೋಯರ್ ಬಾಲ್ ಜಾಯಿಂಟ್ (ಚಕ್ರದ ಭಾಗವನ್ನು ಸಸ್ಪೆನ್ಷನ್ನಿನ ಕೆಳತೋಳಿಗೆ ಸೇರಿಸುವ ಕೀಲು) ಬಿಡಿಸಿ ಶಾಫ್ಟ್ ಹೊರತೆಗೆಯಿರಿ. ಗೇರ್‌ಬಾಕ್ಸ್ ಕಡೆಯಿಂದಲೂ ಕೀಳುವುದಾದರೆ ಮೊದಲು ಗೇರ್ ಆಯಿಲ್ ಇಳಿಸಿ, ಇಲ್ಲವಾದರೆ ಸುರಿದುಹೋಗುತ್ತದೆ.

ಹಳೆ ಗ್ರೀಸನ್ನು ಸೀಮೆಎಣ್ಣೆಯಲ್ಲಿ ತೊಳೆದು ಪೂರ್ತಿ ಒಣಗಿಸಿ. ಕಿಟ್‌ನಲ್ಲಿ ಬರುವ ಮಾಲಿಬ್ಡಿನಮ್ ಗ್ರೀಸನ್ನು ಅಷ್ಟೂ ತುಂಬಿ, ಸಣ್ಣ ಕಾರಿಗೆ ಸುಮಾರು 80–100 ಗ್ರಾಂ. ಮಾಮೂಲಿ ಬೇರಿಂಗ್ ಗ್ರೀಸ್ ಬೇಡ. ಬೂಟಿನೊಳಗಿನ ಗಾಳಿ ಬಿಟ್ಟು ಸ್ಟೀಲ್ ಕ್ಲ್ಯಾಂಪ್ ಬಿಗಿಯಿರಿ; ಪ್ಲಾಸ್ಟಿಕ್ ಟೈ ನಿಲ್ಲುವುದಿಲ್ಲ. ಹೊಸ ನಟ್ ಹಾಕಿ, ಮ್ಯಾನುಯಲ್ ಹೇಳುವ ಟಾರ್ಕ್‌ಗೇ ಬಿಗಿಯಿರಿ.